ಅವ್ವ ನುಂಗಿದ ಪುಡಿಂಗ್

ಕಂಪ್ಲಿಯ ಅಕ್ಕಿ ಗಿರಣಿ ಶಂಭುಲಿಂಗನವರ ಮನೆಯಲ್ಲಿ ಕೇಕಿನ ಹುಚ್ಚು ಹತ್ತಿದ್ದು ಐವತ್ತು ದಾಟಿದ ಅವರ ಹೆಂಡತಿ ಅಕ್ಕನಾಗಮ್ಮನಿಗೆ. ಹೊಸಪೇಟೆ ಬಸ್ ನಿಲ್ದಾಣದಲ್ಲಿ ಕೊಂಡ ಅಡುಗೆ ಪುಸ್ತಕ ಅದಕ್ಕೆ ನೆಪ. ಓವನ್ ಇರಲಿಲ್ಲ. ಹಳೇ ಕುಕ್ಕರಿನ ಗ್ಯಾಸ್ಕೆಟ್ ತೆಗೆದು, ತಳಕ್ಕೆ ಮರಳು ಸುರಿದು, ಒಳಗೆ ಡಬ್ಬಿ ಇಡುತ್ತಿದ್ದಳು. ಮೊಟ್ಟೆ ಆ ಮನೆಯ ಹೊಸಿಲು ದಾಟುವ ಮಾತೇ ಇಲ್ಲ. ಅದರ ಬದಲಿಗೆ ಮೊಸರು, ಸೋಡಾ. ಮೊದಲ ಕೇಕನ್ನು ಗಂಡ ಬೆರಳಲ್ಲಿ ಕುಟ್ಟಿ ನೋಡಿ, "ಗಿರಣಿ ಬಾಗಲಿಗೆ ಆನಿಸಿ ಇಡೂಣು ತಗೊ, ಗಾಳಿಗೆ ಮುಚ್ಚಂಗಿಲ್ಲ" ಎಂದರು. ಒಳ್ಳೆಯ ಹಾಲನ್ನು ಬೇಕಂತಲೇ ಒಡೆಸಿ ಚೀಸ್ ಮಾಡಹೊರಟಾಗ ಸೊಸೆ ಪೂಜಿತಾ ಮೂಗು ಮುಚ್ಚಿಕೊಂಡು ಹಿತ್ತಲಿಗೆ ನಡೆದಳು.

ಮನಸಾರೆ ತಿನ್ನುತ್ತಿದ್ದವಳು ಒಬ್ಬಳೇ, ಸಂಡೂರಿನಲ್ಲಿದ್ದ ಅವ್ವ ಚೆನ್ನಬಸಮ್ಮ. ಮಗಳು ಬಸ್ಸಿನಲ್ಲಿ ಡಬ್ಬಿ ಹೊತ್ತು ಹೋದರೆ, ಸುಟ್ಟಿರಲಿ, ಹಸಿ ಉಳಿದಿರಲಿ, ಎಡಗೈ ಮೇಲಿನ ಲಿಂಗಕ್ಕೆ ತೋರಿಸಿ ಬಾಯಿಗೆ ಹಾಕಿಕೊಂಡು, "ಭಾಳ ಛಲೋ ಆಗೇತಿ ನಾಗೂ" ಎನ್ನುತ್ತಿದ್ದಳು. ಶುದ್ಧ ಸುಳ್ಳು. ಆದರೆ ಆ ಸುಳ್ಳಿನ ಆಸೆಗೇ ಅಕ್ಕನಾಗಮ್ಮ ಪುಸ್ತಕದ ಮುಂದಿನ ಪುಟ ತೆರೆಯುತ್ತಿದ್ದಳು.

ಹೋದ ವರ್ಷ ಆ ಅವ್ವನ ಗಂಟಲಲ್ಲಿ ಗಡ್ಡೆ ಎದ್ದಿತು. "ಈ ವಯಸ್ಸಿನಾಗ ಕೊಯ್ಯೋದು ಬ್ಯಾಡ್ರಿ. ಏನು ಇಳೀತೈತೋ ಅದನ್ನ ತಿನ್ನಿಸ್ರಿ" ಎಂದರು ಹೊಸಪೇಟೆಯ ಡಾಕ್ಟರು. ಅಕ್ಕನಾಗಮ್ಮ ಅವ್ವನನ್ನು ಕಂಪ್ಲಿಗೇ ಕರೆತಂದಳು. ಅನ್ನ ಸಿಕ್ಕಿಕೊಳ್ಳುತ್ತಿತ್ತು, ಹಾಲು ಕುಡಿದರೆ ಮೂಗಿಗೆ ಬರುತ್ತಿತ್ತು, ಗಂಜಿ ಎರಡು ಚಮಚಕ್ಕೇ ಸಾಕು. ಪುಸ್ತಕ ಈಗ ಆಟದ ವಸ್ತುವಾಗಿ ಉಳಿಯಲಿಲ್ಲ. ಕಸ್ಟರ್ಡ್ ಮಾಡಿದಳು, ಶ್ರೀಖಂಡ ಮಾಡಿದಳು, ಕೇಕನ್ನು ಹಾಲಲ್ಲಿ ನೆನೆಸಿ ಕಿವುಚಿದಳು. ಯಾವುದೂ ಇಳಿಯಲಿಲ್ಲ. ಕಣ್ಣೆದುರೇ ಅವ್ವ ಒಣಗುತ್ತಿದ್ದಳು.

ಕೊನೆಗೆ ಹಾಲಿನ ಪುಡಿಂಗ್ ಎಂಬ ಪುಟ ಸಿಕ್ಕಿತು. ಅದು ಗಟ್ಟಿಯಾಗಲು ಜಿಲೆಟಿನ್ ಪುಡಿ ಬೇಕಿತ್ತು. ಹೊಸಪೇಟೆಯಲ್ಲಿ ಕೇಕಿನ ಸಾಮಾನು ಮಾರುವ ಅಂಗಡಿಯ ಗದ್ದಲದಲ್ಲಿ ಹೆಸರು ಕೂಗಿ ಹೇಳಿದಳು, ಅಂಗಡಿಯವರು ತೂಗಿ ಹೆಸರು ಗುರುತಿಲ್ಲದ ಬರೀ ಕವರಿನಲ್ಲಿ ಕಟ್ಟಿಕೊಟ್ಟರು. ಎಮ್ಮೆ ಹಾಲು, ಕೆನೆ, ಸಕ್ಕರೆಗೆ ಆ ಪುಡಿ ಕರಗಿಸಿ ಫ್ರಿಜ್ಜಿನಲ್ಲಿಟ್ಟಳು. ಜನ್ಮದಲ್ಲಿ ಮೊದಲ ಬಾರಿಗೆ ಪುಸ್ತಕದ ಚಿತ್ರದಂತೆಯೇ ಬಂತು. ಚೆನ್ನಬಸಮ್ಮ ಲಿಂಗಕ್ಕೆ ತೋರಿಸಿ ಬಾಯಿಗಿಟ್ಟಳು. ಅದು ನಾಲಿಗೆಯ ಮೇಲೆ ಕರಗಿ, ತಾನೇ ಜಾರಿ ಒಳಗೆ ಹೋಯಿತು. ಬಟ್ಟಲು ಖಾಲಿ.

"ಇನ್ನ ಐತೇನ ನಾಗೂ?"

ಇದು ಸುಳ್ಳಲ್ಲ. ಐದು ದಿನ ಅವ್ವ ತಿಂದಳು. ಅಕ್ಕನಾಗಮ್ಮ ಅಡುಗೆಮನೆಗೆ ಹೋಗಿ ಖುಷಿಗೆ ಅತ್ತಳು.

ಪುಡಿ ಮುಗಿಯುತ್ತ ಬಂತೆಂದು ಮತ್ತೆ ಅಂಗಡಿಗೆ ಹೋದಾಗ ಗದ್ದಲವಿರಲಿಲ್ಲ. ಅಂಗಡಿಯವನು ಅವಳ ಹಣೆಯ ವಿಭೂತಿ ನೋಡಿದ.

"ಅಮ್ಮಾರ, ಮನ್ಯಾಗ ತಿನ್ನಾಕೇನ್ರಿ? ಇದು ದನದ ಎಲುಬು, ಚರ್ಮದ್ದರಿ. ನಿಮ್ಮಂಥೋರಿಗೆ ಚೈನಾ ಗ್ರಾಸ್ ಕೊಡ್ತೀವಿ, ಅದು ಗಿಡದ್ದು."

ತಿಂದದ್ದಷ್ಟೇ ಅಲ್ಲ, ಐದು ದಿನವೂ ಅವ್ವ ಅದನ್ನು ಲಿಂಗಕ್ಕೆ ಅರ್ಪಿಸಿದ್ದಳು.

ಬಾಯಿ ಬಿಡದೆ ಚೈನಾ ಗ್ರಾಸ್ ತಂದು ಮಾಡಿದಳು. ಅದು ಬಾಯಲ್ಲಿ ಕರಗುವ ಜಾತಿಯದ್ದಲ್ಲ, ಪುಡಿಯಾಗಿ ಗಂಟಲಲ್ಲಿ ಕೂರುತ್ತಿತ್ತು. ಅವ್ವನಿಗೆ ಉಸಿರು ಕಟ್ಟಿ ಕಣ್ಣು ಮೇಲಾದವು. ಕಡಿಮೆ ಹಾಕಿದರೆ ನೀರಾಗಿ ಮೂಗಿಗೆ ಬರುತ್ತಿತ್ತು. ಮೂರು ದಿನ ಹೀಗೇ ಕಳೆಯಿತು.

"ಮದ್ಲಿಂದು ಮಾಡವ್ವಾ," ಎಂದು ಚೆನ್ನಬಸಮ್ಮ ಬೇಡಿಕೊಂಡಳು, "ಅದೊಂದು ಇಳೀತಿತ್ತು."

ಕವರಿನ ತಳದಲ್ಲಿ ಎರಡು ಚಮಚ ಪುಡಿ ಉಳಿದಿತ್ತು. ಅಕ್ಕನಾಗಮ್ಮ ಮಾಡಿದಳು. ಪಾಪ ತನಗೇ ಬರಲಿ, ಅವ್ವ ಬದುಕಲಿ ಎಂದುಕೊಂಡೇ ಮಾಡಿದಳು. ಆದರೆ ಬಟ್ಟಲು ತಂದಿಟ್ಟಾಗ ಅವ್ವ ಲಿಂಗ ಹಿಡಿದ ಎಡಗೈ ಚಾಚಿದ್ದನ್ನು ಕಂಡು ಅವಳಿಗೆ ತಡೆಯಲಾಗಲಿಲ್ಲ. ಆ ಕೈ ಹಿಡಿದುಕೊಂಡಳು.

"ಇವತ್ತೊಂದಿನ ಲಿಂಗಕ್ಕ ತೋರಿಸಬ್ಯಾಡವ್ವ. ಹಂಗ ತಿನ್ನು."

ಎಪ್ಪತ್ತು ವರ್ಷ ಲಿಂಗಕ್ಕೆ ತೋರಿಸದೆ ಹನಿ ನೀರೂ ಕುಡಿಯದವಳಿಗೆ ಹೇಳುವ ಮಾತೇ ಅದು? ಚೆನ್ನಬಸಮ್ಮ ಮಗಳ ಮುಖವನ್ನೇ ನೋಡಿದಳು.

"ಏನ್ ಹಾಕೀದಿ ಅದ್ರಾಗ?"

ಅಕ್ಕನಾಗಮ್ಮ ಹೇಳಿಬಿಟ್ಟಳು.

"ಮದ್ಲು ತಿಂದದ್ದೂ ಇದಽ ಏನು?"

"ನನಗ ಗೊತ್ತಿದ್ದಿಲ್ಲವ್ವ."

ಅವ್ವ ಪೂಜಿತಾಳನ್ನು ಕರೆದು ನೀರು ತರಿಸಿ, ಬಾಯಿ ಮುಕ್ಕಳಿಸಿ, ಗೋಡೆಯ ಕಡೆ ಹೊರಳಿ ಮಲಗಿದಳು.

ಆಮೇಲೆ ಹನ್ನೊಂದು ದಿನ ಇದ್ದಳು. ಪೂಜಿತಾ ಅಕ್ಕಿ ತಿಳಿ ಹಿಡಿದರೆ ಒಂದು ಗುಟುಕಿಗಾದರೂ ಬಾಯಿ ತೆರೆಯುತ್ತಿದ್ದಳು. ಮಗಳು ಹತ್ತಿರ ಬಂದರೆ ತುಟಿ ಬಿಗಿ. ಕೊನೆಯ ದಿನ ಬೆಳಿಗ್ಗೆ ಅಕ್ಕನಾಗಮ್ಮ ಲೋಟ ಹಿಡಿದು ಪಕ್ಕದಲ್ಲಿ ಕೂತಳು.

"ಬರೇ ನೀರವ್ವ," ಎಂದಳು. "ಆಣಿ ಮಾಡಿ ಹೇಳ್ತೀನಿ, ಬರೇ ನೀರು."

ಚೆನ್ನಬಸಮ್ಮ ಕಣ್ಣು ಹೊರಳಿಸಿ ಪೂಜಿತಾಳನ್ನು ಹುಡುಕಿದಳು. ಅಕ್ಕನಾಗಮ್ಮ ಲೋಟವನ್ನು ಸೊಸೆಯ ಕೈಗೆ ಕೊಟ್ಟು ಎದ್ದಳು.