ಎರಡು ಬಾತುಕೋಳಿಗಳ ವ್ಯತ್ಯಾಸ

ಗಡಿಯಾರ ರಿಪೇರಿ ಮಾಡುವ ಅವನಿಗೆ ಊರು ಇಟ್ಟ ಹೆಸರು ಭೂತಗನ್ನಡಿ. ಎಡಗಣ್ಣಿಗೆ ಕಚ್ಚಿಸಿಕೊಂಡ ಮಸೂರವನ್ನು ಸ್ನಾನಕ್ಕೂ ತೆಗೆಯುತ್ತಿರಲಿಲ್ಲ. ಹೆಣ್ಣು ನೋಡಲು ಹೋದಾಗಲೂ ಅದರಲ್ಲೇ ನೋಡಿ, ಒಪ್ಪಿಗೆ ಹೇಳುವುದಕ್ಕೆ ಒಂದೂವರೆ ವರ್ಷ ತೆಗೆದುಕೊಂಡನಂತೆ. ಇನ್ನು ಕಾಲುಗಳೋ, ಒಂದು ಕಡೆ ನಿಂತವಲ್ಲ. ಅವನು ಓಡಾಡಿದ ರಭಸಕ್ಕೆ ಮನೆಯ ನಡುಕೋಣೆಯ ನೆಲ ನಾಲ್ಕು ಬೆರಳು ಕೆಳಗಿಳಿದಿದೆ, ಬೇಕಾದರೆ ಹೋಗಿ ಅಳೆದು ನೋಡಿ.

ಮೂವತ್ತು ವರ್ಷ ಪ್ರತಿ ಭಾನುವಾರ ಗುರಿ ಮೈದಾನಕ್ಕೆ ಹೋಗಿ, ಗಾಳಿಗೆ ಚಿಮ್ಮಿಸುವ ಮಣ್ಣಿನ ಬಿಲ್ಲೆಗಳನ್ನು ಕಂಡವರ ಕೋವಿಯಲ್ಲಿ ಹೊಡೆದು ಪುಡಿ ಮಾಡಿದವನು ಅವನು. ಈ ವರ್ಷ ಸಂಘದವರು ನಿಯಮ ತಂದರು: ಸ್ವಂತ ಕೋವಿ ಇಲ್ಲದವರು ಬೆಂಚಿನ ಮೇಲೆ ಕೂತು ಚಪ್ಪಾಳೆ ತಟ್ಟಬಹುದು. ಭೂತಗನ್ನಡಿಯನ್ನು ಬೆಂಚಿನ ಮೇಲೆ ಕೂರಿಸುವುದೂ ಒಂದೇ, ಮೀನನ್ನು ಮರದ ಮೇಲೆ ಕೂರಿಸುವುದೂ ಒಂದೇ.

ಕೋವಿ ಕೊಳ್ಳಲು ಪರವಾನಗಿ ಬೇಕು. ಅದಕ್ಕೆ ಕೆಲವೇ ವಾರಗಳ ಅವಧಿ. ಆರಿಸಿ ಆರಿಸಿ ಎರಡು ಸಲ ಅವಧಿ ಮೀರಿಸಿಕೊಂಡಿದ್ದ. ಮೂರನೆಯದನ್ನು ಕೈಗಿಡುವಾಗ ಕಚೇರಿಯವರು ಕಡ್ಡಿ ಮುರಿದಂತೆ ಹೇಳಿದ್ದರು: "ಇದೇ ಕೊನೇದು ಸ್ವಾಮಿ. ಮತ್ತೆ ಈ ಬಾಗಿಲಿಗೆ ಬರಬೇಡಿ." ಆ ಅವಧಿ ಮುಗಿಯುವುದು ಇವತ್ತು, ಸಂಜೆ ಐದಕ್ಕೆ ಅಂಗಡಿ ಬಾಗಿಲು ಹಾಕುವ ಹೊತ್ತಿಗೆ.

ಅಂಗಡಿಯಲ್ಲಿದ್ದದ್ದು ಒಂದೇ ಕಾರ್ಖಾನೆಯ, ಅಜ್ಜಂದಿರ ಕಾಲದ ಎರಡು ಜೋಡುನಳಿಗೆ ಕೋವಿ. ಮೂರನೇ ಗ್ರೇಡಿನದರ ಉಕ್ಕಿನ ಮೇಲೆ ಬರೀ ಬಳ್ಳಿಯ ಕೆತ್ತನೆ. ಅದಕ್ಕಿಂತ ಒಂದು ಮೆಟ್ಟಿಲು ಮೇಲಿನ ನಾಲ್ಕನೇ ಗ್ರೇಡಿನದರ ಮೇಲೆ ಬಳ್ಳಿಯ ಜೊತೆ ಹಾರುವ ಎರಡು ಬಾತುಕೋಳಿ. ಮಿಕ್ಕಂತೆ ಅವಳಿ ಜವಳಿ. "ಗ್ರೇಡು ಅನ್ನೋದು ಮುಖದ ಪೌಡರ್ ಕಣಯ್ಯಾ, ಗುಣ ಇರೋದು ಮೂಳೆಯಲ್ಲಿ" ಎಂದು ಮೈದಾನದಲ್ಲಿ ಎಲ್ಲರಿಗೂ ಉಪದೇಶ ಮಾಡುತ್ತಿದ್ದವನಿಗೆ ಆ ಎರಡು ಬಾತುಕೋಳಿಗಳು ಮೂರು ವಾರ ನಿದ್ದೆ ಕೊಡಲಿಲ್ಲ. ದಿನಾ ಹೋಗುವುದು, ಎರಡನ್ನೂ ಒಂದೇ ಮೇಜಿನ ಮೇಲೆ ಬಿಚ್ಚುವುದು, ನಳಿಗೆಯನ್ನು ಬೆಳಕಿಗೆ ಹಿಡಿದು ಒಳಗೆ ಇಣುಕುವುದು, ಬೆರಳಿಗೆ ತೂಗುಹಾಕಿ ತಟ್ಟಿ ನಾದ ಕೇಳುವುದು. ಬಾತುಕೋಳಿಯದರ ನಳಿಗೆ ಉಜ್ಜಿ ಉಜ್ಜಿ ತೆಳ್ಳಗಾಗಿದೆ, ಬಳ್ಳಿಯದು ಇನ್ನೂ ದಪ್ಪಗಿದೆ ಎಂದು ಮೊದಲನೇ ದಿನವೇ ಗೊತ್ತಾಗಿತ್ತು. ಆದರೂ ಕಣ್ಣು ಬಾತುಕೋಳಿಯ ಹಿಂದೆಯೇ ಹಾರುತ್ತಿತ್ತು.

ಇವತ್ತು ನಾಲ್ಕು ಗಂಟೆಗೆ ಹೆಂಡತಿ ಅವನನ್ನು ಅಕ್ಷರಶಃ ಎಳೆದುಕೊಂಡು ಅಂಗಡಿಗೆ ಬಂದಳು. ಪರವಾನಗಿ ಅವಳ ಚೀಲದಲ್ಲಿತ್ತು. ಗಿರಾಕಿಗಳಿಬ್ಬರು ಗೋಡೆಯ ಪಕ್ಕ ತೋಟಾ ಪೆಟ್ಟಿಗೆ ನೋಡುತ್ತಿದ್ದರು. ಭೂತಗನ್ನಡಿ ಬಾತುಕೋಳಿಯ ಕೋವಿ ಎತ್ತಿ ಅಲ್ಲಾಡಿಸಿದ. ಲಟಲಟ ಎಂದಿತು! ಬಳ್ಳಿಯದನ್ನು, ತೋಟಾ ತುಂಬುವಾಗ ಮಾಡುವಂತೆ, ನಡುವೆ ಬಾಗಿಸಿ ತೆರೆಯಲು ನೋಡಿದ. ಜಪ್ಪಯ್ಯ ಎಂದರೂ ಬಾಗಲಿಲ್ಲ.

"ಏನ್ರೀ ಇದು!" ಅಂಗಡಿಯ ಯಜಮಾನನ ಮೇಲೆ ಹರಿಹಾಯ್ದ. "ಮೂರು ವಾರ ಒಳ್ಳೆ ಕೋವಿ ತೋರಿಸಿ ಕೊನೇ ದಿನ ಬೇರೆ ತಂದಿಟ್ರಾ? ಕಳ್ಳತನ ಇದು, ಹಗಲು ಕಳ್ಳತನ!"

ಗಿರಾಕಿಗಳಿಬ್ಬರೂ ತಿರುಗಿದರು. ಯಜಮಾನನ ಮುಖ ಇದ್ದಿಲಾಯಿತು. "ಗಡಿಯಾರದೋರೇ, ನಿಮ್ಮನ್ನ ಬಿಟ್ಟು ಅವನ್ನ ಮುಟ್ಟಿದವರು ಯಾರೂ ಇಲ್ಲ."

"ಮತ್ತೆ ಲಟಲಟ ಅನ್ನೋದು ನನ್ನ ಹಲ್ಲಾ?"

ಹೆಂಡತಿ ಎರಡನ್ನೂ ಹಿಂದೆ ಮುಂದೆ ನೋಡಿದಳು. ನಳಿಗೆಯ ಕೆಳಗೆ ಎಡಗೈ ಹಿಡಿಯುವ ಕಡೆ, ಎರಡಕ್ಕೂ ಎಂಬತ್ತು ವರ್ಷದ ಎಣ್ಣೆ ಕುಡಿದು ಕರ್ರಗಾದ ಮರದ ತುಂಡು. "ರೀ, ಇದು ಡಬ್ಬದ ಮುಚ್ಚಳ ಅದಲುಬದಲಾದ ಹಾಗಿದೆ. ಒಂದು ಸಡಿಲ, ಇನ್ನೊಂದು ಬಿಗಿ. ಸ್ವಲ್ಪ ತೆಗೆದು ನೋಡಿ."

"ಅಡುಗೆಮನೆ ಲೆಕ್ಕ ಇಲ್ಲಿ ನಡೆಯಲ್ಲ ಕಣೇ," ಎಂದವನೇ ತೆಗೆದು ನೋಡಿದ. ಮರದೊಳಗಿನ ಕಬ್ಬಿಣದ ಮೇಲೆ ಕೋವಿಯ ಸಂಖ್ಯೆ ಕೊರೆದಿತ್ತು. ಇದರದು ಅದರಲ್ಲಿ, ಅದರದು ಇದರಲ್ಲಿ. ಹಿಂದಿನ ದಿನ ಎರಡನ್ನೂ ಬಿಚ್ಚಿ ಮತ್ತೆ ಜೋಡಿಸಿದ್ದು ಅವನೇ. ಇರುವೆಯ ಹುಬ್ಬನ್ನೂ ಎಣಿಸುವ ಮಸೂರ ಅದೊಂದನ್ನು ಎಣಿಸಿರಲಿಲ್ಲ.

ಬದಲಿಸಿದ. ಎರಡೂ ಬೆಣ್ಣೆಯಂತೆ ಕೂತವು. "ಸರಿ ಯಜಮಾನ್ರೇ, ಬಳ್ಳಿಯದನ್ನೇ ಕೊಡಿ. ನಳಿಗೆ ಗಟ್ಟಿ ಇದೆ. ಬಾತುಕೋಳಿ ನೋಡಬೇಕಾದ್ರೆ ಕೆರೆಗೆ ಹೋಗ್ತೀನಿ."

ಯಜಮಾನ ಎರಡನ್ನೂ ತನ್ನ ಕಡೆ ಎಳೆದುಕೊಂಡ. "ಕಳ್ಳನ ಅಂಗಡಿಯಲ್ಲಿ ವ್ಯಾಪಾರ ಯಾಕೆ? ನಾನು ಕೊಡಲ್ಲ."

ನಾಲ್ಕು ನಲವತ್ತು. ಭೂತಗನ್ನಡಿ ಬಾಗಿಲವರೆಗೆ ಹೋದ, ಬಂದ, ಮತ್ತೆ ಹೋದ. ಅಂಗಡಿಯೊಳಗೇ ಸುಮಾರು ಎರಡು ಮೈಲಿ ನಡೆದಿರಬೇಕು. ಹೆಂಡತಿ ತಪ್ಪಾಯಿತು ಎನ್ನಲು ಯಜಮಾನನ ಕಡೆ ತಿರುಗಿದಳು.

"ಅಕ್ಕಾ, ನೀವು ಹೇಳಬೇಡಿ," ಎಂದ ಆತ. "ಅಂದವರು ಹೇಳಲಿ. ಅಂದಿದ್ದು ಇವರಿಬ್ಬರ ಎದುರಿಗೆ."

ನಾಲ್ಕು ಐವತ್ತು. ಭೂತಗನ್ನಡಿ ಕಣ್ಣಿನ ಮಸೂರ ಕಿತ್ತು ಜೇಬಿಗೆ ಹಾಕಿದ. ಗಿರಾಕಿಗಳ ಮುಂದೆ ಹೋಗಿ ನಿಂತ. ನಿಂತ ಅಂದರೆ ನಿಜವಾಗಿ ನಿಂತ, ಎರಡೂ ಕಾಲು ನೆಲದ ಮೇಲೆ. "ಕೇಳಿಸ್ಕೊಳ್ಳಿ. ಈ ಯಜಮಾನರ ಕೈ ಶುದ್ಧ. ಮರ ಅದಲುಬದಲು ಮಾಡಿದ್ದು ನಾನು. ನನ್ನದೇ ತಪ್ಪು ಮುಚ್ಚೋಕೆ ಇನ್ನೂ ಒಂದು ಸುಳ್ಳು ಹುಡುಕ್ತಿದ್ದೆ, ಸಿಗಲಿಲ್ಲ."

ಗಿರಾಕಿಗಳಲ್ಲೊಬ್ಬ ನಕ್ಕ. ಯಜಮಾನ ನಗಲಿಲ್ಲ, ಆದರೆ ಪೆನ್ನು ತೆಗೆದ. "ಒಂದೇ ಷರತ್ತು. ಇನ್ನು ಇಲ್ಲಿ ಬಿಚ್ಚಿ ನೋಡಂಗಿಲ್ಲ."

"ಒಂದು ಸಲ ನಳಿಗೆ ಮಾತ್ರ..."

"ರೀ!" ಎಂದಳು ಹೆಂಡತಿ, ಚೀಲದಿಂದ ಪರವಾನಗಿ ತೆಗೆದು ಮೇಜಿನ ಮೇಲೆ ಬಡಿದು. ಸಂಖ್ಯೆ ದಾಖಲಾಯಿತು, ಮೊಹರು ಬಿತ್ತು. ಐದಕ್ಕೆ ಮೂರು ನಿಮಿಷ ಇತ್ತು.

ರಸ್ತೆಯಲ್ಲಿ ಕೋವಿಯ ಚೀಲ ಹೆಗಲಿಗೇರಿಸಿ ಅವನು ಎಷ್ಟು ಬಿರಬಿರನೆ ನಡೆದನೆಂದರೆ ಎರಡು ಬಸ್ಸು ಹಿಂದೆ ಬಿದ್ದವು.

"ಸ್ವಲ್ಪ ನಿಧಾನಕ್ಕೆ ಹೋಗಿ ಅಂದ್ರೆ," ಹೆಂಡತಿ ಏದುಸಿರು ಬಿಡುತ್ತಾ ಕೂಗಿದಳು. "ಭಾನುವಾರಕ್ಕೆ ಇನ್ನೂ ನಾಲ್ಕು ದಿನ ಇದೆ!"

"ಅದೇ ಕಣೇ ಕಷ್ಟ," ಎಂದ ಅವನು, ತಿರುಗಿ ನೋಡದೆ.