ಚಾಲೂ ಎಂದಲ್ಲಿ ನಿಂತ ಆಟೋ

ಹೋದ ಶ್ರಾವಣದ ಒಂದು ಶುಕ್ರವಾರ ವಿಜಯವಾಡದ ಬಸ್ ನಿಲ್ದಾಣದಲ್ಲಿ ನನ್ನ ಅಕ್ಕ ತಪ್ಪಿಸಿಕೊಂಡಳು. ತಪ್ಪು ನನ್ನದೇ. ಪಟಮಟದ ನಮ್ಮ ಮನೆಗೆ ಹೋಗಲು ನಾನು ಆಟೋದವನ ಜೊತೆ ಚೌಕಾಸಿಗೆ ನಿಂತಿದ್ದೆ. ಹುಬ್ಬಳ್ಳಿಯಿಂದ ಕೂತು ಕೂತು ಸಾಕಾಗಿದ್ದ ಅಕ್ಕ ಎದುರಿಗಿದ್ದ ಸಿಟಿ ಬಸ್ಸು ಹತ್ತಿಬಿಟ್ಟಿದ್ದಳು. ತಿರುಗಿ ನೋಡಿದರೆ ಬಸ್ಸೂ ಇಲ್ಲ, ಅಕ್ಕನೂ ಇಲ್ಲ.

ಅವಳಿಗೆ ತೆಲುಗು ಬಾರದು, ಕೈಯಲ್ಲಿ ಫೋನಿಲ್ಲ. ಸಕ್ಕರೆ ಕಾಯಿಲೆ, ಮೇಲೆ ಶುಕ್ರವಾರದ ಉಪವಾಸ. ಅವಳ ಮಾತ್ರೆ, ಬಿಸ್ಕತ್ತು ನನ್ನ ಚೀಲದಲ್ಲಿದ್ದವು.

ಹೂ ಮಾರುವಾಕೆ ನೋಡಿದ್ದಳು. “ಪೆದ್ದಮ್ಮ ಭವಾನಿಪುರಂ ಬಸ್ಸೆಕ್ಕಾರಂಡಿ,” ಎಂದಳು. ದೊಡ್ಡಮ್ಮ ಭವಾನಿಪುರಂ ಬಸ್ಸು ಹತ್ತಿದರು ಎಂದು. ನಮ್ಮ ಮನೆಗೆ ತದ್ವಿರುದ್ಧ ದಿಕ್ಕು. ಅದೇ ಆಟೋ ಹತ್ತಿದೆ, ಈ ಸಲ ಬಾಡಿಗೆ ಎಷ್ಟೆಂದು ನಾನು ಕೇಳಲಿಲ್ಲ. ಕೊನೆಯ ಸ್ಟಾಪಿನವರೆಗೂ ಹುಡುಕಿದೆ, ಅಲ್ಲಿ ನಿಂತಿದ್ದ ಆ ಬಸ್ಸಿನ ಕಂಡಕ್ಟರಿಗೂ ಅವಳ ನೆನಪಿರಲಿಲ್ಲ.

ಮರಳುವಾಗ ಬೆಟ್ಟದ ಮೇಲಿನ ದುರ್ಗಮ್ಮನ ಗೋಪುರ ಕಂಡಿತು. ಇದು ಕೊಟ್ಟರೆ ಅದು ಮಾಡಿಸುತ್ತೇನೆ ಎಂದು ದೇವರೊಂದಿಗೂ ವ್ಯವಹಾರ ಮಾತಾಡುವವನು ನಾನು. ಆ ದಿನ ಬಾಯಿಗೆ ಬಂದದ್ದು ಇಷ್ಟೇ: “ಅವ್ವ ಸತ್ತ ಮೇಲೆ ನನ್ನ ಸಾಕಿದಾಕಿ ಅಕಿ, ತಾಯಿ.”

ಅಷ್ಟರಲ್ಲಿ ಆಟೋ ನಿಧಾನವಾಯಿತು. “ಚಾಲೂ, ಚಾಲೂ!” ಎಂದು ಕೂಗಿದೆ. ನಮ್ಮ ಕಡೆ ಚಾಲೂ ಎಂದರೆ ಓಡಿಸು. ತೆಲುಗಿನಲ್ಲಿ ಚಾಲು ಎಂದರೆ ಸಾಕು. ಎಂಟು ವರ್ಷದಿಂದ ಮಂಗಳಗಿರಿ ಸೀರೆ ವ್ಯಾಪಾರ ಮಾಡುವ ನನಗೆ ಇದು ಗೊತ್ತಿಲ್ಲದ್ದಲ್ಲ. ಆತಂಕದಲ್ಲಿ ಊರಿನ ಮಾತೇ ಬಂತು. ಅವನು ಪಕ್ಕಕ್ಕೆ ಹಾಕಿ ಎಂಜಿನ್ ಆರಿಸಿದ.

ಯಾಕೆ ನಿಲ್ಲಿಸಿದೆ ಎಂದು ಗದರಿದೆ. “ಮೀರೇ ಕದಂಡಿ ಚಾಲು ಅನ್ನಾರು,” ಎಂದ. ಸಾಕು ಅಂದವರು ನೀವೇ ಅಲ್ಲವೇ ಎಂದು.

ಜಗಳಕ್ಕೆಂದು ಇಳಿದೆ. ಇಳಿದದ್ದಕ್ಕೇ ಟೀ ಅಂಗಡಿಯ ತಗಡಿನ ಮರೆಯಲ್ಲಿ ಇಳಕಲ್ ಸೀರೆಯ ಸೆರಗು ಕಂಡಿತು. ಅಕ್ಕ ಬೆವತಿದ್ದಳು. ಅಂಗಡಿಯಾಕೆ ಸಕ್ಕರೆ ನೀರು ಕುಡಿಸುತ್ತಿದ್ದಳು.

“ಗುಡಿ ಕಾಣ್ತು, ಇಳದ್ನಿ,” ಎಂದಳು ಅಕ್ಕ. ಆಮೇಲೆ, “ಮುಗೀತೇನೋ ನಿನ್ನ ಚೌಕಾಸಿ?”

ವಿಶಾಖಪಟ್ಟಣಕ್ಕೋ ಇಲ್ಲಿ ವಿಜಯವಾಡಕ್ಕೋ ಹೊಸದಾಗಿ ಬಂದಿರುವ ನಮ್ಮ ಕನ್ನಡದವರಿಗೆ ಒಂದು ಮಾತು. ಬಸ್ಸಾಗಲಿ, ಷೇರ್ ಆಟೋ ಆಗಲಿ, ಊರಿಂದ ಬಂದ ಹಿರಿಯರನ್ನು ಮೊದಲು ಕೂರಿಸಿ, ಆಮೇಲೆ ದರ ಮಾತಾಡಿ. ತೆಲುಗಿನಲ್ಲಿ ಬರೆದ ವಿಳಾಸ, ಎರಡು ಬಿಸ್ಕತ್ತು ಅವರ ಕೈಯಲ್ಲೇ ಇರಲಿ.

ಮುಂದಿನ ಶುಕ್ರವಾರ ಅಕ್ಕನೊಂದಿಗೆ ಬೆಟ್ಟ ಹತ್ತಿದೆ. ಕೇಳಬೇಕೆಂದು ವರ್ಷಗಳಿಂದ ಕೂಡಿಟ್ಟ ಬೇಡಿಕೆಗಳಿದ್ದವು. ದುರ್ಗಮ್ಮ ತಾಯಿಯ ಎದುರು ನಿಂತಾಗ ಒಂದೇ ಮಾತು ಹೇಳಿದೆ, ತೆಲುಗಿನಲ್ಲೇ: “ಚಾಲು, ತಲ್ಲಿ.”