ಬೆಣಚುಕಲ್ಲಿನ ಚಕ್ಕೆ

ಆಯಿಶಾ, ಆ ಕಲ್ಲು ನಿನ್ನ ಕೈಯಲ್ಲಿರಲಿಲ್ಲ. ನನ್ನ ಕೈಯಲ್ಲಿತ್ತು. ನಿನ್ನ ಎಡಗಣ್ಣು ಹೋದದ್ದು ನನ್ನಿಂದ — ಇಷ್ಟು ವರ್ಷ ನೀನು ನಂಬಿಕೊಂಡು ಬಂದ ಹಾಗೆ ನಿನ್ನ ಹುಡುಗಾಟದಿಂದಲ್ಲ. ಈ ಮಾತು ಹೊರಗೆ ಬಿದ್ದರೆ ಏನಾಗುತ್ತದೋ ಎಂಬ ಹೆದರಿಕೆಯಲ್ಲಿಯೇ ನನ್ನ ತಲೆ ನರೆಯಿತು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಉಡುಪಿಯ ಕಾಲೇಜೊಂದರಲ್ಲಿ ನಾನು ಇತಿಹಾಸದ ಉಪನ್ಯಾಸಕ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ನೀನು ಹೂಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿ, ನಿಮ್ಮ ಮನೆಯಿಂದ ಕಾಲೇಜು ಮೆಟ್ಟಿಲು ಹತ್ತಿದ ಮೊದಲನೆಯವಳು. ಆದಿಮಾನವರ ಪಾಠ ನಡೆಯುತ್ತಿತ್ತು. ಲಕ್ಷಾಂತರ ವರ್ಷಗಳ ಹಿಂದೆ, ಇನ್ನೂ ಪೂರ್ತಿ ನಮ್ಮಂತಾಗಿರದ ನಮ್ಮ ಪೂರ್ವಜರು ಕಲ್ಲಿಗೆ ಕಲ್ಲು ಹೊಡೆದು, ಚಕ್ಕೆ ಎಬ್ಬಿಸಿ, ಕೈಕೊಡಲಿ ಮಾಡಿಕೊಂಡರು ಎಂದೆ. ನೀನು ಎದ್ದು ನಿಂತು ಕೇಳಿದೆ, "ಹಾಗೆ ಹೊಡೆದ್ರೆ ಪುಡಿ ಆಗುವುದಿಲ್ವಾ ಸರ್? ಅಂಚು ಹೇಗೆ ಬರ್ತದೆ?"

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಲು ನಾಚಿಕೆ. "ನಾಳೆ ಮಾಡಿಯೇ ತೋರಿಸ್ತೇನೆ" ಎಂದುಬಿಟ್ಟೆ.

ನನ್ನ ಮನೆ ಹಿರಿಯಡ್ಕದಲ್ಲಿ. ಆ ಸಂಜೆ ಸ್ವರ್ಣಾ ಹೊಳೆಯ ದಂಡೆಯಿಂದ ಬೆಣಚುಕಲ್ಲುಗಳನ್ನು ಆರಿಸಿ ತಂದೆ. ಮರುದಿನ ಕಾಲೇಜಿನ ಹಿಂದಿನ ಗೋಳಿಮರದ ಕೆಳಗೆ ಎಲ್ಲರಿಗೂ ಅವನ್ನು ಹಿಡಿದು ನೋಡಲು ಕೊಟ್ಟೆ. ನೀನೂ ಹಿಡಿದಿದ್ದೆ, ಅದು ನಿಜ. ಆಮೇಲೆ ನಾನು ಕುಟ್ಟತೊಡಗಿದೆ. ಕಲ್ಲು ಅಡ್ಡಾದಿಡ್ಡಿ ಒಡೆಯುತ್ತಿತ್ತೇ ಹೊರತು ಅಂಚು ಬರಲಿಲ್ಲ. ಹುಡುಗರು ಮುಸಿಮುಸಿ ನಕ್ಕರು. ಊಟದ ಗಂಟೆ ಹೊಡೆದದ್ದೇ ಎಲ್ಲರೂ ಹೊರಟುಹೋದರು. ನೀನೊಬ್ಬಳು ನಿಂತೆ, ಸ್ವಲ್ಪ ದೂರದಲ್ಲಿ.

"ಚೂರು ಹಾರ್ತದೆ ಸರ್. ಸಾಕು."

"ಎಂತ ಆಗುವುದಿಲ್ಲ. ಹತ್ತಿರ ಬಾ, ಈಗ ಬರ್ತದೆ ನೋಡು."

ನಾನು ಹೇಳಿದೆನೆಂದು ನೀನು ಬಂದೆ. ಬಗ್ಗಿದೆ. ಹುಡುಗರ ನಗೆಯ ಮೇಲಿನ ಸಿಟ್ಟನ್ನೆಲ್ಲ ಸೇರಿಸಿ ನಾನು ಬಲವಾಗಿ ಹೊಡೆದೆ.

ನೀನು ಕಿರುಚಲೂ ಇಲ್ಲ. "ಉಮ್ಮಾ" ಎಂದು ತಾಯಿಯನ್ನು ಕರೆದು ಕುಸಿದೆ. ಮುಖ ಮುಚ್ಚಿದ ಬೆರಳುಗಳ ಸಂದಿಯಿಂದ ರಕ್ತ — ನಾನು ಕಲ್ಲನ್ನು ಕೆಳಗೆ ಹಾಕಿ ಎರಡು ಹೆಜ್ಜೆ ಹಿಂದೆ ಸರಿದೆ. ಹೌದು, ನಿನ್ನ ಹತ್ತಿರ ಬರಲಿಲ್ಲ, ಹಿಂದೆ ಸರಿದೆ.

ಪ್ರಿನ್ಸಿಪಾಲರು ಓಡಿ ಬಂದರು. "ಎಂತ ಆದದ್ದು ಮಾರಾಯ್ರೆ?"

ನನ್ನ ಮಾತು ತಡವರಿಸಲಿಲ್ಲ. "ಬೇಡ ಅಂತ ಹೇಳಿದ್ದೆ ಸರ್. ನಾನು ಆಚೆ ತಿರುಗಿದ್ದೇ ಅವಳು ಕಲ್ಲು ತೆಗೆದು ಕುಟ್ಟಿದಳು."

ಮಣಿಪಾಲದ ಆಸ್ಪತ್ರೆಯಲ್ಲಿ ನಿನ್ನ ಕಣ್ಣನ್ನು ಉಳಿಸಲಾಗಲಿಲ್ಲ. ಎಚ್ಚರವಾದಾಗ ನೀನು ಏನು ಹೇಳುವೆ? ವರಾಂಡದಲ್ಲಿ ಹೆಜ್ಜೆ ಸಪ್ಪಳವಾದರೆ ಎದ್ದು ನಿಲ್ಲುತ್ತಿದ್ದೆ. ಇದನ್ನೂ ಹೇಳಿಬಿಡುತ್ತೇನೆ — ನಿನಗೆ ಎಚ್ಚರವೇ ಆಗದಿದ್ದರೆ ಎಂದು ಒಮ್ಮೆ ನನ್ನ ಮನಸ್ಸು...

ಹೂಡೆಯಲ್ಲಿ ಚಿಕ್ಕ ಅಂಗಡಿ ಇಟ್ಟುಕೊಂಡಿದ್ದ ನಿನ್ನ ತಂದೆ ನನ್ನತ್ತ ಬಂದರು. ಹೊಡೆಯುತ್ತಾರೆ ಎಂದುಕೊಂಡು ಗೋಡೆಗೆ ಒತ್ತಿ ನಿಂತೆ. ಅವರು ನನ್ನ ಎರಡೂ ಕೈ ಹಿಡಿದುಕೊಂಡರು.

"ಮಾಷ್ಟ್ರೇ, ನಿಮಗೂ ತೊಂದರೆ ಆಯ್ತು. ನೀವು ಬೇಡ ಹೇಳಿದ ಮೇಲೂ ಮುಟ್ಟಿದ್ದು ಅವಳ ತಪ್ಪು."

ಅವರೇ ನನ್ನನ್ನು ನಿನ್ನ ಮಂಚದ ಬಳಿಗೆ ಕರೆದೊಯ್ದರು. ಅರ್ಧ ಮುಖಕ್ಕೆ ಬಟ್ಟೆ ಸುತ್ತಿದ್ದರು. ಉಳಿದ ಕಣ್ಣಿನಿಂದ ನೀನು ನನ್ನನ್ನೇ ನೋಡಿದೆ. ಈಗ ಮುಗಿಯಿತು ಎಂದುಕೊಂಡೆ.

"ಸರ್, ನನಗೆ ಸರಿಯಾಗಿ ನೆನಪಿಲ್ಲ. ಎಲ್ಲರೂ ಹೇಳ್ತಾರೆ... ಕಲ್ಲು ನನ್ನ ಕೈಯಲ್ಲಿತ್ತಾ?"

ನಿನ್ನ ತಂದೆ ನನ್ನ ಬೆನ್ನ ಹಿಂದೆಯೇ ಇದ್ದರು.

"ಹೌದು" ಎಂದೆ.

ಮೊದಲ ಸುಳ್ಳು ಗಾಬರಿಯಲ್ಲಿ ಬಂದದ್ದು. ಇದು ಹಾಗಲ್ಲ, ಇದನ್ನು ನಾನು ತಿಳಿದೇ ಹೇಳಿದೆ. ನೀನು ಮೆಲ್ಲಗೆ, "ಸಾರಿ ಸರ್" ಎಂದೆ.

ಆಯಿಶಾ, ನೀನು ನನ್ನಲ್ಲಿ ಕ್ಷಮೆ ಕೇಳಿದೆ.

ನಿನ್ನ ಓದು ಅಲ್ಲಿಗೇ ನಿಂತಿತು. ನನ್ನ ಕೆಲಸ ಕಾಯಂ ಆಯಿತು. ಪ್ರತಿವರ್ಷ ಆ ಪಾಠ ಬಂದಾಗ ಓದಿಕೊಳ್ಳಿ ಎಂದು ಹೇಳಿ ಮುಂದೆ ಹೋಗುತ್ತಿದ್ದೆ. ಹೂಡೆ ಬಸ್ಸು ಕಂಡರೆ ಯಾವುದಾದರೂ ಅಂಗಡಿಯೊಳಗೆ ಹೊಕ್ಕುಬಿಡುತ್ತಿದ್ದೆ. ಆದರೂ ಎಂಬತ್ತರ ದಶಕದ ಕೊನೆಯಲ್ಲಿ ಒಂದು ದಿನ ಉಡುಪಿಯ ಬಸ್‌ಸ್ಟ್ಯಾಂಡಿನಲ್ಲಿ ನೀನು ನನ್ನನ್ನು ಗುರುತು ಹಿಡಿದೆ. ಪಕ್ಕದಲ್ಲಿ ನಿನ್ನ ಪುಟ್ಟ ಮಗಳು. ನನಗೂ ಅರ್ಥವಾಗಲಿ ಎಂದೋ ಏನೋ, ನಿಮ್ಮ ಮನೆಮಾತು ಬ್ಯಾರಿ ಬಿಟ್ಟು ಕನ್ನಡದಲ್ಲೇ ಅವಳಿಗೆ ಹೇಳಿದೆ:

"ನನ್ನ ಸರ್ ಇವರು. ಇವರ ಮಾತು ಕೇಳದೆ ನಾನು ಕಣ್ಣು ಕಳೆದುಕೊಂಡದ್ದು. ನೀನು ಟೀಚರ್ ಹೇಳಿದ ಹಾಗೆ ಕೇಳಬೇಕು, ಆಯ್ತಾ?"

ಮಗು ಗೌರವದಿಂದ ನನ್ನನ್ನು ನೋಡಿತು. ನಾನು ಅದರ ತಲೆ ಸವರಿದೆ. ಬಸ್ಸು ಬಂತು, ನನ್ನದಲ್ಲದಿದ್ದರೂ ಹತ್ತಿಬಿಟ್ಟೆ.

ಈಗ ನಿವೃತ್ತನಾಗಿದ್ದೇನೆ. ನನ್ನಿಂದ ಯಾರೂ ಏನನ್ನೂ ಕಿತ್ತುಕೊಳ್ಳಲಾರರು, ಹಾಗಾಗಿ ಇದು ಧೈರ್ಯವೂ ಅಲ್ಲ. ಈ ಕಾಗದವನ್ನು ಇವತ್ತೇ ನಿನಗೆ ಮುಟ್ಟಿಸಿ, ನಾಳೆ ನಿಮ್ಮ ಮನೆಗೆ ಬರುತ್ತೇನೆ. ಮಗಳನ್ನೂ ಪಕ್ಕದಲ್ಲಿ ಕೂರಿಸಿಕೋ. "ನಿನ್ನ ತಾಯಿ ಯಾರ ಮಾತನ್ನೂ ಮೀರಿರಲಿಲ್ಲ, ನನ್ನ ಮಾತು ಕೇಳಿದ್ದಕ್ಕೇ ಹಾಗಾಯಿತು" ಎಂದು ಅವಳಿಗೆ ಎದುರಿಗೇ ಹೇಳಬೇಕು. ಆಮೇಲೆ ನೀನು ಬೈದರೂ ಸರಿ, ಬಾಗಿಲು ಹಾಕಿಕೊಂಡರೂ ಸರಿ.

ಹೆದರಿಕೆ ಹೋಗಿಲ್ಲ. ಹೆದರಿಕೊಂಡೇ ಬರುತ್ತೇನೆ.